ಬೀರುವಿನ ಹಲಗೆಗೆ ತೇಗವೇ ಬೇಕೇ?

ಪ್ರಶ್ನೆ: ಗೋಡೆಬೀರುವಿಗೆ ಹಲಗೆ ಹಾಕಿಸಬೇಕು. ತೇಗದ್ದೇ ಆಗಬೇಕೇ, ಪ್ಲೈವುಡ್ ಸಾಕೇ?

ಉತ್ತರ: ಯಾವ ಮರ ಎಂಬುದಕ್ಕಿಂತ ಆಧಾರದಿಂದ ಆಧಾರಕ್ಕೆ ಎಷ್ಟು ದೂರ ಎಂಬುದೇ ಇಲ್ಲಿ ಮುಖ್ಯ. ಅಡಿಯೊಂದಕ್ಕೆ ಬೀಳುವ ಭಾರ ಅಷ್ಟೇ ಇದ್ದು ಹಲಗೆಯ ಉದ್ದ ಇಮ್ಮಡಿಯಾದರೆ ಬಾಗು 16 ಪಟ್ಟು ಹೆಚ್ಚುತ್ತದೆ. ದಪ್ಪ ಇಮ್ಮಡಿಯಾದರೂ ಅದು ಇಳಿಯುವುದು ಎಂಟನೇ ಒಂದು ಪಾಲಿಗೆ. ಅಂದರೆ ಉದ್ದ ಮಾಡಿದ ಹಾನಿಯನ್ನು ದಪ್ಪ ಪೂರ್ತಿ ತುಂಬಿಕೊಡಲಾರದು. 4 ಅಡಿ ಅಗಲದ ಬೀರುವಿಗೆ 18 ಮಿ.ಮೀ. ಪ್ಲೈವುಡ್ ಹಾಕಿ, ನಡುವೆ ಒಂದು ಲಂಬ ಹಲಗೆ ನಿಲ್ಲಿಸುವುದೇ ಜಾಣತನ. ಪ್ಲೈವುಡ್ಡಿನ ಮೇಲ್ಪದರದ ಎಳೆ ಉದ್ದಕ್ಕೆ ಹರಿದಿರಲಿ; ಬಡಗಿ ಹಾಳೆ ಉಳಿಸಲು ಅಡ್ಡ ಕೊಯ್ಯುವುದುಂಟು, ಕಣ್ಣಿಟ್ಟಿರಿ.

ಅಪ್ಪಟ ಮರದ ಬಾಳಿಕೆ ಇದಕ್ಕೆಲ್ಲಿ ಎನ್ನಬಹುದು. ಆದರೆ ಮಳೆಗಾಲದಲ್ಲಿ ಮರ ಎಳೆಗೆ ಅಡ್ಡಲಾಗಿ ಉಬ್ಬುತ್ತದೆ, ಬೇಸಗೆಯಲ್ಲಿ ಕುಗ್ಗುತ್ತದೆ. ಪದರಗಳು ಒಂದಕ್ಕೊಂದು ಅಡ್ಡವಾಗಿರುವ ಪ್ಲೈವುಡ್‌ನಲ್ಲಿ ಆ ಚಲನೆ ಬಹಳ ಕಡಿಮೆ. ಅದರ ನಿಜವಾದ ಶತ್ರು ಪದರ ಬಿಡಿಸುವ ನೀರು. ಬಚ್ಚಲಿಗೆ ತಾಗಿದ ಗೋಡೆಯಾದರೆ ಐಎಸ್ 710 ಗುರುತಿನ ಹಾಳೆ ಕೇಳಿ. ಹಲಗೆ ಹೊರುವ ಪಟ್ಟಿಯನ್ನು ಮೂರೂ ಬದಿಗೆ ಕೊಡಿಸಿ. ಅದರ ಸ್ಕ್ರೂ ಗಾರೆ ದಾಟಿ ಇಟ್ಟಿಗೆಯನ್ನೇ ಕಚ್ಚಬೇಕು.