ಪಟ್ಟ ಅಳಿಯನಿಗೆ: ಅಲ್ಲಿಯೂ, ಇಲ್ಲಿಯೂ

ಗಂಡು ಮಗು ಹುಟ್ಟಿದರೆ "ವಂಶ ಬೆಳಗುವವ ಬಂದ" ಎನ್ನುವುದು ನಾವೆಲ್ಲ ಕೇಳಿದ ಮಾತು. ಆದರೆ ನಮ್ಮ ಕಾರ್ಕಳ, ಮೂಡುಬಿದಿರೆ ಕಡೆಯ ಹಳೆಯ ಅರಸುಮನೆಗಳಲ್ಲಿ ವಂಶ ಬೆಳಗಬೇಕಾದರೆ ಹೆಣ್ಣು ಮಗುವೇ ಹುಟ್ಟಬೇಕಿತ್ತು. ಅದು ಹೇಗೆ ಅಂತೀರಾ? ಮೊದಲು ಇಂಗ್ಲೆಂಡಿನದೊಂದು ಸಂಗತಿ ಕೇಳಿ.

ಎರಡನೇ ಮಹಾಯುದ್ಧದ ಕಾಲದ ಪ್ರಧಾನಿ ವಿನ್‌ಸ್ಟನ್ ಚರ್ಚಿಲ್ ಹೆಸರು ನಿಮಗೆ ಗೊತ್ತಲ್ಲ? ಅವರ ಪೂರ್ವಜ ಜಾನ್ ಚರ್ಚಿಲ್ ದೊಡ್ಡ ಸೇನಾಪತಿ. 1702ರಲ್ಲಿ ಅಲ್ಲಿಯ ರಾಣಿ ಅವನಿಗೆ ಮಾರ್ಲ್‌ಬರೋ ಡ್ಯೂಕ್ ಎಂಬ ಬಿರುದು ಕೊಟ್ಟಳು. ಇಂಥ ಬಿರುದು ತಂದೆಯ ನಂತರ ಹಿರಿಯ ಮಗನಿಗೆ ಹೋಗುವುದು ಅಲ್ಲಿಯ ವಾಡಿಕೆ. ಆದರೆ ಉಳಿದಿದ್ದ ಒಬ್ಬನೇ ಮಗ ಮರುವರ್ಷವೇ ಸಿಡುಬಿನಿಂದ ತೀರಿಕೊಂಡ. ಮನೆಯಲ್ಲಿ ಇನ್ನು ನಾಲ್ವರು ಹೆಣ್ಣುಮಕ್ಕಳು ಮಾತ್ರ. ಆಗ ಪಾರ್ಲಿಮೆಂಟು 1706ರಲ್ಲಿ ಈ ಒಂದು ಮನೆತನಕ್ಕಾಗಿಯೇ ಕಾನೂನು ಮಾಡಿ, ಬಿರುದು ಹೆಣ್ಣುಮಕ್ಕಳಿಗೆ ಹೋಗಬಹುದು ಎಂದಿತು. 1722ರಲ್ಲಿ ಹಿರಿಮಗಳು ಹೆನ್ರಿಯೆಟ್ಟಾ ಡಚೆಸ್ ಆದಳು. ಅವಳ ಮಗ ಅವಳಿಗಿಂತ ಮೊದಲೇ ತೀರಿಹೋದ. ಹಾಗಾಗಿ 1733ರಲ್ಲಿ ಬಿರುದು ಅವಳ ತಂಗಿಯ ಮಗ ಚಾರ್ಲ್ಸ್ ಸ್ಪೆನ್ಸರನಿಗೆ ಬಂತು.

ಅಲ್ಲಿ ಪಾರ್ಲಿಮೆಂಟು ಕೂತು ಮಾಡಿದ್ದು ನಮ್ಮಲ್ಲಿ ದಿನನಿತ್ಯದ ಕಟ್ಟಳೆ. ಅದೇ ಅಳಿಯಸಂತಾನ. ಇಲ್ಲಿ ಅಳಿಯನೆಂದರೆ ಮಗಳ ಗಂಡನಲ್ಲ, ಅಕ್ಕತಂಗಿಯರ ಮಗ. ಕಾರ್ಕಳದ ಚತುರ್ಮುಖ ಬಸದಿಯನ್ನು ನೀವು ನೋಡಿರಬಹುದು. 1586ರಲ್ಲಿ ಅದನ್ನು ಕಟ್ಟಿಸಿದ ಇಮ್ಮಡಿ ಭೈರರಸ, ಹಿಂದಿನ ಭೈರರಸನ ಮಗನಲ್ಲ, ಸೋದರಿ ಗುಮ್ಮಟಾಂಬೆಯ ಮಗ. ಮೂಡುಬಿದಿರೆಯ ಚೌಟ, ವೇಣೂರಿನ ಅಜಿಲ, ನಂದಾವರದ ಬಂಗ ಮನೆತನಗಳದೂ ಇದೇ ಕ್ರಮ. ಪೋರ್ಚುಗೀಸರನ್ನು ಎದುರಿಸಿದ ಉಳ್ಳಾಲದ ರಾಣಿ ಅಬ್ಬಕ್ಕ ಚೌಟರ ಮನೆಯವಳೇ. 1763ರಲ್ಲಿ ಹೈದರಾಲಿ ಬಿದನೂರನ್ನು ಗೆದ್ದ ಮೇಲೆ ಈ ಅರಸರ ಅಧಿಕಾರ ಹೋಯಿತು. ಬಿರುದು ಮಾತ್ರ ಹೆಣ್ಣಿನ ದಾರಿಯಲ್ಲೇ ನಡೆದುಬಂತು.

ಹಾಗಂತ ಎಲ್ಲವೂ ಹೆಂಗಸರ ಕೈಯಲ್ಲಿತ್ತು ಎಂದು ಹಿಗ್ಗಬೇಡಿ. ವಂಶ ಹೆಣ್ಣಿನದು, ಯಜಮಾನಿಕೆ ಹೆಚ್ಚಾಗಿ ಸೋದರಮಾವನದು. ಸಾಮಾನ್ಯ ಮನೆಗಳಲ್ಲೂ ಗಂಡ ತೀರಿಕೊಂಡರೆ ಹೆಂಡತಿ ಮಕ್ಕಳಿಗೆ ಆ ಮನೆಯ ಆಸ್ತಿಯಲ್ಲಿ ಹಕ್ಕಿಲ್ಲ. ಮಕ್ಕಳನ್ನು ಕರಕೊಂಡು ತನ್ನ ತಾಯಿಮನೆಗೆ ಹೊರಡಬೇಕು. ಅಲ್ಲಿ ಅವಳಿಗೆ ಹಕ್ಕು ಉಂಟು, ಸರಿ. ಆದರೆ ಇಪ್ಪತ್ತು ವರ್ಷ ಉರಿಸಿದ ಒಲೆ ಬಿಟ್ಟು ಹೋಗುವ ಸಂಕಟ ಯಾವ ಕಟ್ಟಳೆಗೆ ಗೊತ್ತು?

1949ರ ಅಳಿಯಸಂತಾನ ಕಾನೂನು ಕುಟುಂಬದ ಆಸ್ತಿಯನ್ನು ಪಾಲು ಮಾಡಿಕೊಳ್ಳಲು ದಾರಿ ಮಾಡಿತು. 1956ರ ಹಿಂದೂ ಉತ್ತರಾಧಿಕಾರ ಕಾನೂನು ಬಂದ ಮೇಲೆ, ಗಂಡ ತೀರಿಕೊಂಡರೆ ಅವನ ಪಾಲಿನಲ್ಲಿ ಹೆಂಡತಿ, ಮಗ, ಮಗಳು ಎಲ್ಲರಿಗೂ ಹಕ್ಕು ಬಂತು. ಹಳೆಯ ಸಂಕಟಕ್ಕೆ ಇದು ಒಳ್ಳೆಯ ಮದ್ದೇ. ಆದರೂ ಮದುವೆ ಮಾತುಕತೆಯಲ್ಲಿ ಕೇಳುವ "ಬಳಿ ಯಾವುದು?" ಎಂಬ ಪ್ರಶ್ನೆಗೆ ಬಂಟರಲ್ಲಿ ಇಂದಿಗೂ ತಾಯಿಯ ಬಳಿಯೇ ಉತ್ತರ.

ನಿಮ್ಮದೂ ಅಂಥ ಮನೆಯಾದರೆ, ಪೆಟ್ಟಿಗೆಯಲ್ಲಿರುವ ಹಳೆಯ ಪಾಲುಪಟ್ಟಿ ತೆಗೆದು ನೋಡಿ. ಪ್ರತಿ ಕವರೂ ಒಬ್ಬ ಹೆಂಗಸಿನ ಹೆಸರಿನಿಂದಲೇ ಶುರುವಾಗುತ್ತದೆ. ಅಮ್ಮ, ಅಜ್ಜಿ, ಅವಳ ಅಮ್ಮ ಎಂದು ಆ ಹೆಸರುಗಳನ್ನು ಒಂದು ಪುಸ್ತಕದಲ್ಲಿ ಬರೆದಿಡಿ, ಮಗಳಿಗೂ ಮಗನಿಗೂ ಓದಿಸಿ. ಕಾಗದಕ್ಕೆ ಗೆದ್ದಲು ಹಿಡಿಯುವ ಮೊದಲೇ ಈ ಕೆಲಸ ಆಗಲಿ.