ಬಿಪಿ ಇರುವವರ ಊಟಕ್ಕೆ ಲೈಬ್ರರಿಯ ಅಡುಗೆ ಪುಸ್ತಕ

ಮನೆಯಲ್ಲಿ ಒಬ್ಬರಿಗೆ ರಕ್ತದೊತ್ತಡ ಇದೆ ಎಂದು ಗೊತ್ತಾದ ಕೂಡಲೇ ಉಪ್ಪು ಕಡಿಮೆ ಮಾಡುತ್ತೇವೆ. ಅದೇ ಸಾರು, ಅದೇ ಪಲ್ಯ, ಉಪ್ಪು ಮಾತ್ರ ಅರ್ಧ. ಮೊದಲ ವಾರ ಎಲ್ಲರೂ ಸಹಿಸಿಕೊಳ್ಳುತ್ತಾರೆ. ಎರಡನೇ ವಾರ ತಟ್ಟೆಯ ಅಂಚಿಗೆ ಉಪ್ಪಿನಕಾಯಿ ಬರುತ್ತದೆ, ಆಮೇಲೆ ಹಪ್ಪಳ. ಕಡಿಮೆ ಮಾಡಿದ ಉಪ್ಪೆಲ್ಲ ಹೀಗೆ ವಾಪಸ್ ಬಂದುಬಿಡುತ್ತದೆ.

ಕಾರಣ ಸರಳ. ಇಪ್ಪತ್ತು ವರ್ಷ ತಿಂದ ಸಾರಿನ ರುಚಿ ನಾಲಿಗೆಗೆ ನೆನಪಿರುತ್ತದೆ. ಉಪ್ಪು ಕಡಿಮೆಯಾದರೆ ತಕ್ಷಣ ಗೊತ್ತಾಗುತ್ತದೆ. ಎಂದೂ ತಿನ್ನದ ಪದಾರ್ಥಕ್ಕೆ ಆ ಹೋಲಿಕೆ ಇಲ್ಲ. ಕಡಿಮೆ ಉಪ್ಪಿಗೆ ನಾಲಿಗೆ ಒಗ್ಗಲು ಕೆಲವು ವಾರಗಳು ಬೇಕು. ಅಲ್ಲಿಯವರೆಗೆ ಹಳೆಯ ಅಡುಗೆಯನ್ನು ಸಪ್ಪೆ ಮಾಡುವುದಕ್ಕಿಂತ ಹೊಸ ಅಡುಗೆ ಹುಡುಕುವುದು ಮೇಲು. ಅದಕ್ಕೆ ದುಡ್ಡು ಕೊಟ್ಟು ಪುಸ್ತಕ ಕೊಳ್ಳಬೇಕಿಲ್ಲ. ಇಡೀ ಪುಸ್ತಕದಲ್ಲಿ ನಮಗೆ ಆಗಿಬರುವುದು ನಾಲ್ಕೋ ಐದೋ ಅಡುಗೆ. ಎರವಲು ತಂದರೆ ಸಾಕು.

ಊರಿನಿಂದ ದೂರ ಇರುವವರಿಗೆ ಕನ್ನಡ ಪುಸ್ತಕ ಎಲ್ಲಿ ಸಿಗುತ್ತದೆ? ಮೊದಲು ನಿಮ್ಮ ಊರಿನ ಕನ್ನಡ ಸಂಘದಲ್ಲಿ ವಿಚಾರಿಸಿ. 1954ರ ಕಾನೂನಿನ ಪ್ರಕಾರ ದೇಶದಲ್ಲಿ ಪ್ರಕಟವಾಗುವ ಪುಸ್ತಕಗಳ ಪ್ರತಿಗಳು ನಾಲ್ಕು ಗ್ರಂಥಾಲಯಗಳಿಗೆ ಹೋಗಬೇಕು. ಕೋಲ್ಕತ್ತದ ರಾಷ್ಟ್ರೀಯ ಗ್ರಂಥಾಲಯ ಬಿಟ್ಟರೆ ಉಳಿದ ಮೂರು ಚೆನ್ನೈನ ಕನ್ನೆಮಾರ, ಮುಂಬಯಿಯ ಸೆಂಟ್ರಲ್ ಲೈಬ್ರರಿ ಮತ್ತು ದೆಹಲಿ ಪಬ್ಲಿಕ್ ಲೈಬ್ರರಿ. ಪುಸ್ತಕ ಮನೆಗೆ ಕೊಡುತ್ತಾರೋ, ಅಲ್ಲೇ ಕೂತು ಓದಬೇಕೋ ಎಂದು ಮೊದಲೇ ಕೇಳಿಕೊಳ್ಳಿ. ಡ್ಯೂಯಿ ವರ್ಗೀಕರಣ ಇರುವ ಲೈಬ್ರರಿಗಳಲ್ಲಿ ಅಡುಗೆ ಪುಸ್ತಕಗಳ ಸಂಖ್ಯೆ 641.5.

ಕನ್ನಡದ್ದೇ ಆಗಬೇಕೆಂದೂ ಇಲ್ಲ. ಪುಣೆಯಲ್ಲಿದ್ದು ಮರಾಠಿ ಓದಬಲ್ಲವರಿಗೆ ಕಮಲಾಬಾಯಿ ಓಗಲೆ ಅವರ ‘ರುಚಿರಾ’ ಇದೆ. ತಮಿಳಿನಲ್ಲಿ ಎಸ್. ಮೀನಾಕ್ಷಿ ಅಮ್ಮಾಳ್ 1951ರಲ್ಲಿ ತಂದ ‘ಸಮೈತ್ತುಪ್ಪಾರ್’ ಇದೆ, ಇಂಗ್ಲಿಷ್ ಅನುವಾದವೂ ಸಿಗುತ್ತದೆ. ಹೈದರಾಬಾದಿನಲ್ಲಿರುವ ಕನ್ನಡಿಗರು ಇನ್ನೂ ಅದೃಷ್ಟವಂತರು: ತೆಲುಗು ಲಿಪಿ ನಮ್ಮದಕ್ಕೆ ಎಷ್ಟು ಹತ್ತಿರ ಎಂದರೆ ಸ್ವಲ್ಪ ಅಭ್ಯಾಸದಲ್ಲೇ ಪಾಕವಿಧಾನ ಓದಬಹುದು.

ಇನ್ನು ಓದುವ ರೀತಿ. ಈ ಪುಸ್ತಕಗಳು ಹೆಚ್ಚಿನವು ಆರೋಗ್ಯವಂತರಿಗಾಗಿ ಬರೆದಂಥವು ಎಂಬುದು ನೆನಪಿರಲಿ. ‘ರುಚಿಗೆ ತಕ್ಕಷ್ಟು ಉಪ್ಪು’ ಎಂಬ ಮಾತು ರೋಗಿಯ ಮನೆಯಲ್ಲಿ ಉಪಯೋಗಕ್ಕೆ ಬರುವುದಿಲ್ಲ, ಅಳತೆ ಬೇಕು. ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ ಒಬ್ಬ ವಯಸ್ಕರಿಗೆ ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಟೀ ಚಮಚ ಪೂರ್ತಿ ತುಂಬದಷ್ಟು. ನಾಲ್ವರ ಪಲ್ಯಕ್ಕೆ 2 ಟೀ ಚಮಚ ಉಪ್ಪು ಎಂದು ಪುಸ್ತಕ ಹೇಳಿದರೆ ಒಬ್ಬರ ಪಾಲಿಗೆ ಸುಮಾರು ಎರಡೂವರೆ ಗ್ರಾಂ. ದಿನದ ಅರ್ಧ ಪಾಲು ಒಂದೇ ಪಲ್ಯದಲ್ಲಿ ಮುಗಿಯಿತು!

ಬೇರೆ ಹೆಸರಿನಲ್ಲಿ ಬರುವ ಉಪ್ಪನ್ನೂ ಗುರುತಿಸಬೇಕು. ಅಡುಗೆ ಸೋಡಾ, ದಿಢೀರ್ ಇಡ್ಲಿಗೆ ಹಾಕುವ ಫ್ರೂಟ್ ಸಾಲ್ಟ್, ಒಗ್ಗರಣೆಯ ಬಾಳಕದ ಮೆಣಸಿನಕಾಯಿ, ಸಾಸ್, ಉಪ್ಪು ಬೆರೆತ ಮಸಾಲೆ ಪುಡಿ, ಎಲ್ಲದರಲ್ಲೂ ಸೋಡಿಯಂ ಇದೆ. ಹಳೆಯ ಪುಸ್ತಕದಲ್ಲಿ ಪಾವು, ಚಟಾಕು, ತೊಲ ಎಂದಿದ್ದರೆ ಗಾಬರಿ ಬೇಡ. ತೊಲ ಎಂದರೆ ಸುಮಾರು 11.7 ಗ್ರಾಂ, ಚಟಾಕು ಸುಮಾರು 58 ಗ್ರಾಂ. ಪಾವು ಮಾತ್ರ ಊರಿಂದೂರಿಗೆ ಬೇರೆ. ಆ ಪುಸ್ತಕದಲ್ಲೇ ಅಳತೆಯ ಪಟ್ಟಿ ಇದೆಯೇ ನೋಡಿ.

ಉಪ್ಪು ತುಂಬ ಹಾಕುವ ಅಡುಗೆಯನ್ನು ತಿದ್ದುವುದಕ್ಕಿಂತ, ಮೊದಲಿನಿಂದಲೇ ಉಪ್ಪಿನ ಮೇಲೆ ನಿಂತಿರದ ಅಡುಗೆಗೆ ಗುರುತು ಹಾಕಿ. ಹುಳಿ, ಹುರಿದ ಜೀರಿಗೆ, ಮೆಣಸು, ಎಳ್ಳು, ಘಮವಿರುವ ಸೊಪ್ಪು ಇದ್ದಲ್ಲಿ ಉಪ್ಪಿನ ಕೊರತೆ ಅಷ್ಟು ಕಾಣುವುದಿಲ್ಲ. ಮಲೆನಾಡಿನ ತಂಬುಳಿ ಇದಕ್ಕೆ ಒಳ್ಳೆಯ ಉದಾಹರಣೆ. ದೊಡ್ಡಪತ್ರೆ ಅಥವಾ ಒಂದೆಲಗ, ಕಾಯಿತುರಿ, ಜೀರಿಗೆ, ಮೊಸರು. ಉಪ್ಪು ಒಂದು ಚಿಟಿಕೆ ಸಾಕು. ದೊಡ್ಡಪತ್ರೆ ಬಾಲ್ಕನಿಯ ಕುಂಡದಲ್ಲೂ ಬೆಳೆಯುತ್ತದೆ. ಮರಾಠಿಯ ಕೋಶಿಂಬೀರ್ ನಮ್ಮ ಕೋಸಂಬರಿಯ ನೆಂಟ. ಹುರಿದ ಶೇಂಗಾಪುಡಿ, ನಿಂಬೆರಸ ಬಿದ್ದರೆ ರುಚಿಯೇ ಬೇರೆ. ಉಪ್ಪನ್ನು ಬಡಿಸುವ ಮುನ್ನ ಉದುರಿಸಿ. ಮೊದಲೇ ಹಾಕಿದರೆ ಸೌತೆಕಾಯಿ ನೀರು ಬಿಡುತ್ತದೆ, ಮೇಲೆ ಇರುವ ಉಪ್ಪು ನಾಲಿಗೆಗೆ ಬೇಗ ಸಿಗುತ್ತದೆ.

ಕಿಡ್ನಿ ತೊಂದರೆ ಇರುವವರ ವಿಷಯ ಬೇರೆಯೇ. ‘ಲೋ ಸೋಡಿಯಂ’ ಉಪ್ಪಿನಲ್ಲಿ ಸೋಡಿಯಂ ಬದಲಿಗೆ ಪೊಟ್ಯಾಸಿಯಂ ಸೇರಿಸಿರುತ್ತಾರೆ. ಕಿಡ್ನಿ ದುರ್ಬಲವಾಗಿದ್ದರೆ, ಅಥವಾ ಬಿಪಿಯ ಕೆಲವು ಮಾತ್ರೆಗಳನ್ನು ತೆಗೆದುಕೊಳ್ಳುತ್ತಿದ್ದರೆ, ರಕ್ತದಲ್ಲಿ ಪೊಟ್ಯಾಸಿಯಂ ಏರಿ ಹೃದಯದ ಬಡಿತಕ್ಕೇ ಅಪಾಯ. ವೈದ್ಯರನ್ನು ಕೇಳದೆ ಅದನ್ನು ತರಬೇಡಿ. ಕರಾವಳಿಯ ಪುಸ್ತಕಗಳಲ್ಲಿ ಧಾರೆಹುಳಿಯ ಗೊಜ್ಜು, ಉಪ್ಪಿನಕಾಯಿ ಸಿಕ್ಕರೆ ಕಿಡ್ನಿ ರೋಗಿಗೆ ಅವು ಬೇಡವೇ ಬೇಡ. ಆ ಹಣ್ಣಿನ ವಿಷಾಂಶ ಮಿದುಳಿಗೆ ಏರಬಲ್ಲದು. ವಾರ್ಫರಿನ್ ತೆಗೆದುಕೊಳ್ಳುವವರು ಸೊಪ್ಪನ್ನು ಒಮ್ಮೆಲೇ ಹೆಚ್ಚಿಸಬಾರದು, ಒಮ್ಮೆಲೇ ನಿಲ್ಲಿಸಲೂಬಾರದು. ಮೂತ್ರ ಹೆಚ್ಚಿಸುವ ಮಾತ್ರೆಯಲ್ಲಿರುವ ಹಿರಿಯರಿಗೆ ಕೆಲವೊಮ್ಮೆ ಸೋಡಿಯಂ ತೀರಾ ಇಳಿದಿರುತ್ತದೆ, ಅವರಿಗೆ ಎಷ್ಟು ಉಪ್ಪು ಎಂಬುದನ್ನು ವೈದ್ಯರೇ ಹೇಳಬೇಕು.

ಪುಸ್ತಕ ಮನೆಗೆ ಬಂದರೆ ಮೊದಲು ರೋಗಿಯ ಕೈಗೆ ಕೊಡಿ. ಏನು ತಿನ್ನಬೇಕೆಂದು ಬೇರೆಯವರೇ ಹೇಳುವುದನ್ನು ಕೇಳಿ ಕೇಳಿ ಸಾಕಾಗಿರುತ್ತದೆ; ಪುಟ ತಿರುವಿ ಎರಡು ಅಡುಗೆ ಅವರೇ ಆರಿಸಲಿ. ಒಪ್ಪಿಗೆಯಾದದ್ದನ್ನು ಪುಸ್ತಕ ಹಿಂದಿರುಗಿಸುವ ಮೊದಲು ನೋಟ್‌ಬುಕ್ಕಿಗೆ ಇಳಿಸಿಕೊಳ್ಳಿ: ಎಷ್ಟು ಜನಕ್ಕೆ, ಎಷ್ಟು ಉಪ್ಪು, ಯಾರು ಇಷ್ಟಪಟ್ಟರು. ಮುಂದಿನ ತಪಾಸಣೆಗೆ ಹೋಗುವಾಗ ಬಿಪಿಯ ಲೆಕ್ಕದ ಜೊತೆ ಆ ನೋಟ್‌ಬುಕ್ಕನ್ನೂ ತೋರಿಸಿ.