ಹತ್ತಿ ಅಂಗಿಗೆ ಮಳೆಗವಚ: ಸೋಪು, ಪಟಿಕದ ಕರಾಮತ್ತು

ಪುನರ್ವಸು ಮಳೆ ಹಿಡಿಯಿತೆಂದರೆ ಮಲೆನಾಡಿನಲ್ಲಿ ಕೆಲಸ ನಿಲ್ಲುವುದಿಲ್ಲ, ಆಗಲೇ ಬಿರುಸಾಗುತ್ತದೆ. ಗದ್ದೆಯಲ್ಲಿ ನಾಟಿ ಮಾಡುವವರು ಇಡೀ ದಿನ ಬೆನ್ನು ಬಗ್ಗಿಸಿ ಮಳೆಯಲ್ಲೇ ಇರಬೇಕು. ಹಿಂದೆ ಅವರ ಬೆನ್ನಿಗೆ ಬಿದಿರು, ಎಲೆಗಳಿಂದ ಹೆಣೆದ ಗೊರಬು ಅಥವಾ ಕಂಬಳಿ ಕೊಪ್ಪೆ ಇರುತ್ತಿತ್ತು. ಅವುಗಳ ಜಾಗಕ್ಕೆ ಈಗ ಪ್ಲಾಸ್ಟಿಕ್ ಬಂದಿದೆ. ಪ್ಲಾಸ್ಟಿಕ್ ಮಳೆಯನ್ನೇನೋ ತಡೆಯುತ್ತದೆ, ಆದರೆ ಮೈಯ ಬೆವರನ್ನೂ ಹೊರಗೆ ಬಿಡುವುದಿಲ್ಲ. ಗಂಟೆಯೊಳಗೆ ಅಂಗಿ ಒಳಗಿನಿಂದಲೇ ತೊಯ್ದಿರುತ್ತದೆ.

ಗಾಳಿಯಾಡುವ ಹತ್ತಿ ಬಟ್ಟೆಯೇ ನೀರನ್ನು ಕೊಡವಿಕೊಳ್ಳುವಂತಾದರೆ? ಅಡಿಗೆಮನೆ, ಬಚ್ಚಲುಮನೆಗಳಲ್ಲಿ ಸಿಗುವ ಎರಡೇ ವಸ್ತುಗಳಿಂದ ಇದನ್ನು ಬಹುಮಟ್ಟಿಗೆ ಸಾಧಿಸಬಹುದು. ಹತ್ತನೇ ತರಗತಿಯ ರಸಾಯನವಿಜ್ಞಾನದ ಒಂದು ಪಾಠವೂ ಇದರಲ್ಲಿ ಅಡಗಿದೆ.

ಹತ್ತಿಗೇಕೆ ನೀರಿನ ಮೋಹ?

ಹತ್ತಿಯ ನಾರು ಬಹುಪಾಲು ಸೆಲ್ಯುಲೋಸ್. ಅದರ ಅಣುವಿನುದ್ದಕ್ಕೂ ಇರುವ ಹೈಡ್ರಾಕ್ಸಿಲ್ ಗುಂಪುಗಳು ನೀರಿನ ಅಣುಗಳನ್ನು ಹಿಡಿದಿಟ್ಟುಕೊಳ್ಳುತ್ತವೆ. ನೂಲಿನ ಎಳೆಗಳ ನಡುವಿನ ಸಂದುಗಳು ದೀಪದ ಬತ್ತಿ ಎಣ್ಣೆಯನ್ನು ಮೇಲಕ್ಕೆಳೆಯುವಂತೆ ನೀರನ್ನು ಒಳಗೆಳೆಯುತ್ತವೆ. ಒಣಗಿದ ಬಟ್ಟೆಯಲ್ಲಿ ಆ ಸಂದುಗಳಲ್ಲಿರುವ ಗಾಳಿ ಮೈಯನ್ನು ಬೆಚ್ಚಗಿಡುತ್ತದೆ. ನೀರು ಗಾಳಿಗಿಂತ ಸುಮಾರು 25 ಪಟ್ಟು ಚೆನ್ನಾಗಿ ಶಾಖವನ್ನು ಸಾಗಿಸುವುದರಿಂದ, ತೊಯ್ದ ಅಂಗಿಯಲ್ಲಿ ದುಡಿಯುವವರ ಮೈ ಬೇಗ ತಣ್ಣಗಾಗುತ್ತದೆ. ಹಿರಿಯರು ‘ಒದ್ದೆ ಬಟ್ಟೆ ಬಿಚ್ಚು’ ಎಂದು ಮಕ್ಕಳನ್ನು ಗದರುವುದು ಸುಮ್ಮನೆ ಅಲ್ಲ.

ಈ ಸಮಸ್ಯೆ ಹಳೆಯದು. ಹಡಗಿನ ಕೆಲಸಗಾರರು ಬಟ್ಟೆಗೆ ಅಗಸೆ ಎಣ್ಣೆ ಬಳಿದು ಒಣಗಿಸಿ ತೊಡುತ್ತಿದ್ದರು. ಸ್ಕಾಟ್ಲೆಂಡಿನ ಚಾರ್ಲ್ಸ್ ಮ್ಯಾಕಿಂತೋಷ್ 1823ರಲ್ಲಿ ಎರಡು ಬಟ್ಟೆಗಳ ನಡುವೆ ರಬ್ಬರಿನ ಪದರವಿಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಎರಡನೇ ಮಹಾಯುದ್ಧದ ಕಾಲದಲ್ಲಿ ಇಂಗ್ಲೆಂಡಿನ ಸಂಶೋಧಕರು ಉದ್ದ ಎಳೆಯ ಹತ್ತಿಯನ್ನು ಬಲು ಒತ್ತಾಗಿ ನೇಯ್ದರು. ನೀರು ತಾಗಿದೊಡನೆ ಎಳೆಗಳು ಉಬ್ಬಿ ಸಂದುಗಳು ತಾವಾಗಿಯೇ ಮುಚ್ಚಿಕೊಳ್ಳುತ್ತಿದ್ದವು. ವಿಮಾನ ಚಾಲಕರ ಉಡುಪಿಗೆ ಈ ಬಟ್ಟೆ ಬಳಕೆಯಾಯಿತು.

ಬಕೆಟ್ಟಿನಲ್ಲೊಂದು ರಸಾಯನ ಕ್ರಿಯೆ

ಬೋರ್‌ವೆಲ್ಲಿನ ಗಡಸು ನೀರಿನಲ್ಲಿ ಸೋಪು ನೊರೆ ಬರುವುದಿಲ್ಲ, ಬದಲಿಗೆ ಬಿಳಿ ಜಿಗುಟು ಕೆನೆಗಟ್ಟುತ್ತದೆ. ನೀರಿನ ಕ್ಯಾಲ್ಸಿಯಂ ಸೋಪಿನ ಕೊಬ್ಬಿನಾಮ್ಲದೊಂದಿಗೆ ಸೇರಿ ಕರಗದ ವಸ್ತುವಾಗುವುದೇ ಇದಕ್ಕೆ ಕಾರಣ. ಕ್ಯಾಲ್ಸಿಯಂ ಬದಲು ಅಲ್ಯೂಮಿನಿಯಂ ಇದ್ದರೆ ಅಲ್ಯೂಮಿನಿಯಂ ಸೋಪು ಉಂಟಾಗುತ್ತದೆ. ಇದೂ ನೀರಿನಲ್ಲಿ ಕರಗದು, ನೀರನ್ನು ದೂರ ತಳ್ಳುತ್ತದೆ. ಅಲ್ಯೂಮಿನಿಯಂ ಕೊಡುವುದು ಅಂಗಡಿಯಲ್ಲಿ ಸಿಗುವ ಪಟಿಕ.

ವಿಧಾನ ಸರಳ. ಒಗೆದು ಒಣಗಿಸಿದ ದಪ್ಪ ಹತ್ತಿ ಬಟ್ಟೆ ಬೇಕು. ಲೀಟರ್ ಬಿಸಿನೀರಿಗೆ ಸುಮಾರು 60 ಗ್ರಾಂ ಬಾರ್ ಸೋಪನ್ನು ಹೆರೆದು ಕರಗಿಸಿ, ಬಟ್ಟೆಯನ್ನು ಚೆನ್ನಾಗಿ ನೆನೆಸಿ ಹಿಂಡಬೇಕು. ಇನ್ನೊಂದು ಬಕೆಟ್ಟಿನಲ್ಲಿ ಲೀಟರಿಗೆ 60 ಗ್ರಾಂನಂತೆ ಪಟಿಕದ ಪುಡಿಯನ್ನು ಬಿಸಿನೀರಿನಲ್ಲಿ ಕರಗಿಸಿ, ಅದರಲ್ಲಿ ಎರಡು ಗಂಟೆ ಮುಳುಗಿಸಿಡಬೇಕು. ಆಮೇಲೆ ಬರಿನೀರಿನಲ್ಲಿ ಒಮ್ಮೆ ಜಾಲಿಸಿ ನೆರಳಿನಲ್ಲಿ ಹರವಬೇಕು. ಪಟಿಕದ ದ್ರಾವಣ ಆಮ್ಲೀಯವಾದ್ದರಿಂದ ಜಾಲಿಸದೆ ಬಿಟ್ಟರೆ ಹತ್ತಿ ಕ್ರಮೇಣ ಬಲಗುಂದುತ್ತದೆ.

ಕೆಲವು ಎಚ್ಚರಿಕೆಗಳಿವೆ. ಡಿಟರ್ಜೆಂಟ್ ಪುಡಿ ಇಲ್ಲಿ ಪ್ರಯೋಜನಕ್ಕೆ ಬರದು. ಗಡಸು ನೀರಿನಲ್ಲೂ ಕರಗಿರುವಂತೆಯೇ ಅದನ್ನು ತಯಾರಿಸಿರುತ್ತಾರೆ. ಸೋಪು ಕರಗಿಸಲು ಗಡಸು ನೀರು ಬೇಡ, ಹಿಡಿದಿಟ್ಟ ಮಳೆನೀರು ಒಳ್ಳೆಯದು. ಪಟಿಕ ಕಡಿಮೆಯಾದರೆ ಉಳಿದ ಸೋಪೇ ನೀರನ್ನು ಒಳಗೆಳೆದು ಕೆಲಸ ಕೆಡಿಸುತ್ತದೆ. ಬಣ್ಣದ ಬಟ್ಟೆಯಾದರೆ ಮೊದಲು ಒಂದು ಮೂಲೆಯಲ್ಲಿ ಪರೀಕ್ಷಿಸುವುದು ಕ್ಷೇಮ.

ಮೇಣದ ದಾರಿ, ಬೆಂಕಿಯ ಭಯ

ಇನ್ನೊಂದು ಉಪಾಯ ಮೇಣ. ಜೇನುಮೇಣ ಹಾಗೂ ಪ್ಯಾರಾಫಿನ್ ಮೇಣವನ್ನು ಬೆರೆಸಿ ಬಟ್ಟೆಗೆ ಉಜ್ಜಿ, ಮೇಲೊಂದು ಹಳೆಯ ಬಟ್ಟೆ ಹಾಸಿ ಇಸ್ತ್ರಿ ಪೆಟ್ಟಿಗೆ ಆಡಿಸಿದರೆ ಮೇಣ ಒಳಗಿಳಿಯುತ್ತದೆ. ಚೀಲ, ಟೋಪಿ, ಏಪ್ರನ್‌ಗಳಿಗೆ ಇದು ಚೆನ್ನ. ಆದರೆ ಮೇಣವನ್ನು ನೇರವಾಗಿ ಒಲೆಯ ಮೇಲಿಟ್ಟು ಕರಗಿಸಕೂಡದು. ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆಯಿಟ್ಟೇ ಕರಗಿಸಬೇಕು, ಹಿರಿಯರು ಪಕ್ಕದಲ್ಲಿರಬೇಕು. ಮೇಣ ಹಚ್ಚಿದ ಬಟ್ಟೆ ಸುಲಭವಾಗಿ ಹೊತ್ತಿಕೊಳ್ಳುತ್ತದೆ. ಒಲೆ ಮುಂದೆ, ವೆಲ್ಡಿಂಗ್ ಕೆಲಸದಲ್ಲಿ ಅದನ್ನು ತೊಡಲೇಬಾರದು.

ಅಗಸೆ ಎಣ್ಣೆಯದು ಇನ್ನೊಂದು ಅಪಾಯ. ಗಾಳಿಯ ಆಮ್ಲಜನಕದೊಡನೆ ಸೇರಿ ಒಣಗುವಾಗ ಅದು ಶಾಖ ಬಿಡುತ್ತದೆ. ಎಣ್ಣೆ ಒರೆಸಿದ ಬಟ್ಟೆಗಳನ್ನು ಮುದ್ದೆ ಮಾಡಿ ಮೂಲೆಗೆಸೆದರೆ ಕಿಡಿ ತಾಗದೆಯೇ ಬೆಂಕಿ ಹತ್ತಬಹುದು. ಹಳೆಯ ಪುಸ್ತಕಗಳ ಕೆಲವು ವಿಧಾನಗಳಲ್ಲಿ ಸೀಸದ ಲವಣವೂ ಸೇರಿದೆ. ಅದು ವಿಷ, ಮನೆಯೊಳಗೆ ತರುವುದೇ ಬೇಡ. ಫ್ಲೋರಿನ್‌ಯುಕ್ತ ಲೇಪಗಳು ನೀರನ್ನು ಬಲು ಚೆನ್ನಾಗಿ ತಡೆದರೂ, ಅವುಗಳಲ್ಲಿನ ರಾಸಾಯನಿಕಗಳು ಮಣ್ಣು, ನೀರಿನಲ್ಲಿ ಬಹುಕಾಲ ನಾಶವಾಗದೆ ಉಳಿಯುತ್ತವೆ.

ಲೋಟದ ಮೇಲೊಂದು ಪರೀಕ್ಷೆ

ಸೋಪು-ಪಟಿಕದ ಬಟ್ಟೆ ಛತ್ರಿಯಲ್ಲ. ಜಿಟಿಜಿಟಿ ಮಳೆಯನ್ನು ಅದು ತಡೆದೀತು. ಆಗುಂಬೆಯ ಜಡಿಮಳೆಗೆ, ಹೊಲಿಗೆಯ ಜಾಗದಲ್ಲಿ ನೀರು ಇಳಿದೇ ಇಳಿಯುತ್ತದೆ. ಒಗೆದಂತೆಲ್ಲ ಗುಣ ತಗ್ಗುವುದರಿಂದ ಆಗಾಗ ಮತ್ತೆ ಮಾಡಬೇಕು.

ವಿದ್ಯಾರ್ಥಿಗಳು ಅಂಗಿಗೆ ಕೈಹಾಕುವ ಮೊದಲು ಎರಡು ಕರವಸ್ತ್ರಗಳಲ್ಲಿ ಪ್ರಯೋಗಿಸಬಹುದು. ಒಂದಕ್ಕೆ ಉಪಚಾರ, ಇನ್ನೊಂದು ಹಾಗೆಯೇ. ಎರಡನ್ನೂ ಲೋಟಗಳ ಬಾಯಿಗೆ ಕಟ್ಟಿ ಒಂದೊಂದು ಚಮಚ ನೀರು ಹಾಕಿ, ಎಷ್ಟು ಹೊತ್ತಿಗೆ ಸೋರುತ್ತದೆಂದು ಗಡಿಯಾರ ಹಿಡಿದು ಬರೆದಿಡಬೇಕು. ಆಮೇಲೆ ಉಪಚರಿಸಿದ ಬಟ್ಟೆಯನ್ನು ಒಣಗಿಸಿ ಬಿಸಿನೀರಿನ ಲೋಟಕ್ಕೆ ಕಟ್ಟಿ, ಮೇಲೆ ತಣ್ಣನೆಯ ಸ್ಟೀಲ್ ತಟ್ಟೆ ಹಿಡಿದರೆ ತಟ್ಟೆಯಡಿ ಹನಿಗಳು ಕಾಣುತ್ತವೆ. ನೀರು ನಿಂತಲ್ಲಿ ಆವಿ ದಾಟುತ್ತಿದೆ ಎಂದರ್ಥ. ದುಡಿಯುವವರ ಬೆವರಿಗೆ ಬೇಕಾದದ್ದೂ ಅದೇ ದಾರಿ.

ಒಗೆಯುವ ಕಲ್ಲಿನ ಮೇಲೆ ಅಮ್ಮನಿಗೆ ಬೇಸರ ತರಿಸುವ ಆ ಬಿಳಿ ಜಿಗುಟಿನ ಬಳಗದ್ದೇ ಒಂದು ವಸ್ತು, ನಾಟಿಗೆ ಹೊರಟ ಅಪ್ಪನ ಹೆಗಲನ್ನು ಒಂದಿಷ್ಟು ಹೊತ್ತು ಒಣಗಿಸಿಟ್ಟರೆ ಪಾಠ ಸಾರ್ಥಕವಾದಂತೆಯೇ.